ಹಳದಿ ಅಂಗಿಯ ತುಂಡು

ಕಸ್ತೂರಿ, ಆ ಅಂಗಿ ಕದ್ದವಳು ನಾನು. ನಿನ್ನ ಅವ್ವನಿಗೆ ಅದನ್ನು ಯಾರೂ ಕೊಟ್ಟಿರಲಿಲ್ಲ. ಆ ಓವರ್ಸೀಯರ್ ಅವಳ ಮುಖವನ್ನಾದರೂ ಸರಿಯಾಗಿ ನೋಡಿದ್ದನೋ ಇಲ್ಲವೋ. ಬೇಲಿಯ ಮೇಲೆ ಒಣಗಲು ಹಾಕಿದ್ದ ಅಂಗಿಯನ್ನು ಎತ್ತಿಕೊಂಡು ಬಂದವಳು ನಾನು, ಕತ್ತರಿಸಿದವಳು ನಾನು, ಕೌದಿಯ ನಡುವಿಗೆ ಹೊಲಿದವಳು ನಾನು. ಕೇಳಿದಾಗ ನನಗೆ ಗೊತ್ತಿಲ್ಲ ಎಂದವಳೂ ನಾನೇ.

ಇಷ್ಟು ಬರೆಯಲು ನಲವತ್ತೈದು ವರ್ಷ ಬೇಕಾಯಿತು. ಇಲ್ಲಿಗೇ ನಿಲ್ಲಿಸಬೇಕೆನಿಸುತ್ತದೆ. ಮುಂದಿನದನ್ನು ಹೇಳಲು ಹೊರಟರೆ ನೆನಪು ತನ್ನ ಕತ್ತರಿ ಹಿಡಿದು ಬರುತ್ತದೆ — ನನಗೆ ಒಪ್ಪುವುದನ್ನು ಮೇಲಿಡುತ್ತದೆ, ಒಪ್ಪದ್ದನ್ನು ಪದರದ ಒಳಗೆ ತುರುಕುತ್ತದೆ. ಹಾಗಾಗಿ ಓದುವಾಗ ನಿನಗೆ ಎಲ್ಲಾದರೂ ನನ್ನ ಮೇಲೆ ಕನಿಕರ ಬಂದರೆ, ಅಲ್ಲಿ ನಾನು ಸುಳ್ಳು ಹೇಳಿದ್ದೇನೆ ಎಂದು ತಿಳಿ.

ಬರದ ಕಾಮಗಾರಿ ನಡೆದ ವರ್ಷ ಅದು. ಹೊರ್ತಿಯಿಂದ ನಮ್ಮೂರಿಗೆ ರಸ್ತೆ ಹಾಕುತ್ತಿದ್ದರು. ನಿನಗೆ ಐದು ವರ್ಷ. ನನಗೆ ಇಪ್ಪತ್ತೆರಡು, ಮದುವೆಯಾಗಿ ಬಂದು ಮೂರು ವರ್ಷ, ನಿಮ್ಮ ಎದುರು ಮನೆ. ನಿನ್ನ ಅವ್ವ, ನಾನು ನೀಲಕ್ಕ ಎನ್ನುತ್ತಿದ್ದೆ, ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವಳು. ಅವಳ ಹೊಲಿಗೆಯಂಥ ಹೊಲಿಗೆ ನಮ್ಮೂರಲ್ಲಿ ಇರಲಿಲ್ಲ. ಹಳೆಯ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಹರಿದ ಇಳಕಲ್ ಸೀರೆಗಳ ತುಂಡು, ಖಣದ ಕುಪ್ಪಸದ ತುಂಡು, ಅಂಚಿನ ಪಟ್ಟಿ ಇಟ್ಟು ಅವಳು ದಬ್ಬಣ ಹಿಡಿದರೆ ದಾರ ಇರುವೆಯ ಸಾಲಿನಂತೆ ಹೋಗುತ್ತಿತ್ತು. ಹಾಗೆ ಹೋಗುತ್ತಿತ್ತು ಎಂದು ಈಗ ಬರೆಯುತ್ತಿದ್ದೇನೆ. ಆಗ ನಾನು ಅವಳ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಸಿಗದೇ ಇರುವುದು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಇರುತ್ತಿತ್ತು.

ನಿನ್ನ ಸೋದರತ್ತೆ ಗಂಗವ್ವನನ್ನು ಬಾಗೇವಾಡಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಗಂಡುಕೂಸು. ಕೂಸಿನ ಜೊತೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನ ಕೌದಿ ಕೊಡಬೇಕು. ನಿನ್ನ ಆಯಿ — ಅಪ್ಪನ ತಾಯಿ — ನಮ್ಮಿಬ್ಬರಿಗೂ ಕೆಲಸ ಹಂಚಿದಳು. ಸುತ್ತಲಿನ ಅಂಚು ನೀಲಕ್ಕನಿಗೆ, ನಡುವಿನ ಚೌಕ ನನಗೆ. ಅರ್ಧ ಕೆಲಸವಾದಾಗ ಆಯಿ ಬಂದು ನೋಡಿದಳು. ಕೌದಿಯ ಮೇಲೆ ಕೈಯಾಡಿಸುತ್ತ ಅಂಚಿನಿಂದ ನಡುವಿಗೆ ಬಂದಳು, ಅಲ್ಲಿ ಕೈ ನಿಂತಿತು.

“ನಡುವ ಮಂಕ ಐತಿ, ಶಾಂತಾ. ನೀಲವ್ವನ ಅಂಚ ನೋಡು, ಹೆಂಗ ನಗಾಕತ್ತೈತಿ. ನಿಂದು ಹೆಣಕ್ಕ ಹೊಚ್ಚಿದಂಗ ಆಗೇತಿ.”

ನೀಲಕ್ಕ ನಕ್ಕಳು. ನನ್ನನ್ನು ನೋಡಿ ಅಲ್ಲ, ಆಯಿಯ ಮಾತಿಗೆ. ಅಥವಾ ನಕ್ಕೇ ಇರಲಿಲ್ಲವೇನೋ. ನಕ್ಕಳು ಎಂದು ಇಟ್ಟುಕೊಳ್ಳುವುದು ನನಗೆ ಅನುಕೂಲ.

ರಸ್ತೆ ಕೆಲಸ ನೋಡಿಕೊಳ್ಳಲು ಬಂದ ಓವರ್ಸೀಯರ್ ಚಾವಡಿಯಲ್ಲಿ ಇಳಿದುಕೊಂಡಿದ್ದ. ಅವನದೊಂದು ಟೆರಿಲಿನ್ ಅಂಗಿ ಇತ್ತು, ಅರಿಶಿನಕ್ಕಿಂತ ಗಾಢ ಹಳದಿ. ಅಂಥ ಬಟ್ಟೆ ನಮ್ಮೂರಲ್ಲಿ ಇನ್ನೊಬ್ಬರ ಮೈಮೇಲೆ ಇರಲಿಲ್ಲ. ಬಿಸಿಲಲ್ಲಿ ಅವನು ರಸ್ತೆಯ ಮೇಲೆ ನಿಂತರೆ ಎರಡು ಹೊಲದಾಚೆಯಿಂದ ಕಾಣುತ್ತಿತ್ತು. ಕೆಲಸಕ್ಕೆ ಬಂದವರು ಆ ಅಂಗಿ ಕಂಡ ಕೂಡಲೇ ಬೀಡಿ ಆರಿಸುತ್ತಿದ್ದರು. ಒಂದು ಮಧ್ಯಾಹ್ನ ನಾನು ನೀರು ತರಲು ಹೋದಾಗ ಅದು ಚಾವಡಿಯ ಹಿಂದಿನ ಜಾಲಿಬೇಲಿಯ ಮೇಲೆ ಇತ್ತು. ಸುತ್ತ ಯಾರೂ ಇರಲಿಲ್ಲ. ನಾನು ಅದನ್ನು ಎಳೆದೆ. ಮುಳ್ಳಿಗೆ ಸಿಕ್ಕಿ ಬೆನ್ನು ಪರ್‌ ಎಂದು ಹರಿಯಿತು. ಆ ಶಬ್ದಕ್ಕೆ ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಖಾಲಿ ಕೊಡದೊಳಗೆ ತುರುಕಿಕೊಂಡು ಬಂದೆ.

ಬಣ್ಣಕ್ಕಾಗಿ ಕದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜ. ಆದರೆ ಪೂರ್ತಿ ನಿಜವಾಗಿದ್ದರೆ ಗುಂಡಿಗಳನ್ನು ಕಿತ್ತು ಬಾವಿಗೆ ಎಸೆಯುವಾಗ ನನ್ನ ಕೈ ಅಷ್ಟು ಲೆಕ್ಕಾಚಾರದಿಂದ ಆಡುತ್ತಿರಲಿಲ್ಲ.

ನೀಲಕ್ಕ ನಡುವಿನ ಹಳದಿ ನೋಡಿ ಎಲ್ಲಿಯದು ಎಂದು ಕೇಳಿದಳು. ನಮ್ಮ ಮನೆಯವರು ಸೊಲ್ಲಾಪುರದಿಂದ ತಂದ ತುಂಡು ಎಂದೆ. ಅವಳು ಅದರ ಮೇಲೆ ಉಗುರಾಡಿಸಿ, ದಬ್ಬಣ ಇದರೊಳಗೆ ಹೇಗೆ ಹೋಯಿತು, ಜಾರುವುದಿಲ್ಲವೇ ಎಂದಳು. ಜಾರುತ್ತಿತ್ತು. ನನ್ನ ಬೆರಳು ಎರಡು ಕಡೆ ತೂತಾಗಿತ್ತು. ಚಂದ ಆಗಿದೆ ಎಂದಳು. ಆ ಮಾತನ್ನು ಅವಳು ಮನಸ್ಸಿನಿಂದಲೇ ಹೇಳಿದ್ದಳು. ಅವಳು ಅಂಗಿಯನ್ನು ಗುರುತಿಸಲಿಲ್ಲ. ಕಸ್ತೂರಿ, ಇದನ್ನು ನೀನು ಎರಡು ಸಲ ಓದು. ಊರಿಗೆಲ್ಲ ಗೊತ್ತಿದ್ದ ಆ ಅಂಗಿಯನ್ನು ಗುರುತಿಸುವಷ್ಟೂ ಆ ಗಂಡಸಿನ ಕಡೆ ಅವಳು ನೋಡಿರಲಿಲ್ಲ.

ಓವರ್ಸೀಯರ್ ಎರಡು ದಿನ ಅಂಗಿ ಹುಡುಕಿದ. ಯಾವುದೋ ಆಡು ತಿಂದಿರಬೇಕು ಎಂದು ನಕ್ಕ. ವಾರದೊಳಗೆ ಅವನಿಗೆ ಮುದ್ದೇಬಿಹಾಳದ ಕಡೆ ಕೆಲಸ ಬಿತ್ತು, ಹೋದ. ಕೇಳಲು ಅವನೂ ಇರಲಿಲ್ಲ.

ಕೌದಿ ಕೊಡುವ ದಿನ ಬೆಳಿಗ್ಗೆ ಬಾಗೇವಾಡಿಯ ಬೀಗರು ಬಂದರು. ಗಂಡಸರು ನಿಮ್ಮ ಕಟ್ಟೆಯ ಮೇಲೆ ಕುಳಿತರು. ಹೆಂಗಸರು ಅಂಗಳದಲ್ಲಿ ಕೌದಿ ಹಾಸಿ ಸುತ್ತ ಕುಳಿತೆವು. ನಿನಗೆ ಈ ಪದ್ಧತಿ ಗೊತ್ತು, ಆದರೂ ಬರೆಯುತ್ತೇನೆ — ಎಲ್ಲವೂ ಈ ಪದ್ಧತಿಯಿಂದಲೇ ಆಯಿತು. ಕೂಸನ್ನು ಕೌದಿಯ ಮೇಲೆ ಮಲಗಿಸುವ ಮೊದಲು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಇದು ಯಾರದು ಎಂದು ಹೇಳಬೇಕು. ಕೂಸಿಗೆ ಅದರ ಬಳಗವನ್ನು ತೋರಿಸುವುದು. ಹೆಸರಿಲ್ಲದ ತುಂಡು ಕೌದಿಯಲ್ಲಿ ಇರಬಾರದು.

ಆಯಿ ಶುರು ಮಾಡಿದಳು. “ಇದು ನಿಮ್ಮ ಮುತ್ಯಾನ ರುಮಾಲ. ಇದನ್ನ ಹೊಚ್ಕೊಂಡ್ರ ಕೂಸಿಗೂ ಗೊರಕಿ ಬರ್ತಾವ.” ಗಂಗವ್ವ ಇನ್ನೊಂದರ ಮೇಲೆ ಬೆರಳಿಟ್ಟು, ಯವ್ವಾ, ಇದು ನಾ ಸಾಲಿಗೆ ಉಡತಿದ್ದ ಪರಕಾರ, ಇನ್ನೂ ಶಾಯಿ ಕಲಿ ಐತಿ ನೋಡು ಎಂದಳು. ಗಂಗವ್ವನ ಅತ್ತೆ, ಬಾಗೇವಾಡಿಯ ಬೀಗತಿ, ಬಾಯಿ ಬಿಗಿದುಕೊಂಡು ಕುಳಿತಿದ್ದವಳು ಕೊನೆಗೆ ಚುಚ್ಚಿದಳು: “ನಮ್ಮ ಕೂಸಿಗೆ ಹರಕ ಕೊಟ್ಟ ಎಷ್ಟ ಹಿಗ್ಗಾಕತ್ತೀರಿ.” ಆಯಿ ಬಿಡುವವಳೇ? “ಹೊಸಾದು ಪ್ಯಾಟ್ಯಾಗ ಸಿಗತೈತ್ರಿ ಬೀಗತಿ. ಹಳೇದು ಎಲ್ಲಿಂದ ತರ್ತೀರಿ?” ಕಟ್ಟೆಯ ಮೇಲಿನ ಗಂಡಸರೂ ನಕ್ಕರು. ನೀನು ನನ್ನ ತೊಡೆಯ ಮೇಲೆ ಕುಳಿತು ಬೆಲ್ಲ ತಿನ್ನುತ್ತಿದ್ದೆ.

ಬೀಗತಿಯ ಬೆರಳು ನಡುವಿಗೆ ಬಂತು.

“ಇದು ಯಾರದ್ರಿ? ಭಾಳ ಮಿಂಚಾಕತ್ತೈತಿ.”

ಗಂಗವ್ವ ಬಗ್ಗಿ ನೋಡಿ, ಇದು ಆ ಓವರ್ಸೀಯರನ ಅಂಗಿ ಇದ್ದಂಗ ಐತಲ್ಲ ಎಂದಳು. ಹುಡುಗಾಟದ ಮಾತು. ಅವಳು ಅದನ್ನು ಹೇಳಿದಾಗ ಅವಳ ಮುಖದಲ್ಲಿ ನಗುವಿತ್ತು, ಬಾಯಿಂದ ಬಿದ್ದ ಮೇಲೆ ಇರಲಿಲ್ಲ.

“ಅಂವಾನೂ ನಮ್ಮ ಕೂಸಿನ ಬಳಗ ಏನ್ರಿ?” ಎಂದಳು ಬೀಗತಿ.

ಬಳಗ. ಆ ಒಂದು ಮಾತು ಕಟ್ಟೆಯವರೆಗೆ ಹೋಯಿತು. ನಿನ್ನ ಅಪ್ಪ ಭೀಮರಾಯ ಎದ್ದು ಬಂದ. ಅವಸರವಿರಲಿಲ್ಲ. ಕೌದಿಯ ಮೇಲೆಯೇ ಕಾಲಿಟ್ಟು ನಡುವಿಗೆ ಬಂದು ಕುಕ್ಕರಗಾಲಲ್ಲಿ ಕುಳಿತು ಆ ತುಂಡನ್ನು ಹೆಬ್ಬೆರಳಿನಿಂದ ಉಜ್ಜಿದ. ಇದು ಎಲ್ಲಿಂದ ಬಂತು ಎಂದು ನೀಲಕ್ಕನನ್ನು ಕೇಳಿದ. ಅವಳಿಗೆ ಹೆದರಿಕೆ ಇರಲಿಲ್ಲ. ಹೆದರಲು ಅವಳ ಹತ್ತಿರ ಏನೂ ಇರಲಿಲ್ಲ.

“ಶಾಂತಾನ ಕೇಳ್ರಿ. ಆಕಿ ಹೇಳ್ತಾಳ,” ಎಂದಳು.

ಅವನು ನನ್ನ ಕಡೆ ತಿರುಗಿದ. ಅವಳೂ ತಿರುಗಿದಳು. ಅವಳ ಮುಖ ನನಗೆ ಈಗಲೂ — ಇಲ್ಲ, ಮುಖ ನೆನಪಿಲ್ಲ. ನೆನಪಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನನ್ನ ಗಂಡ ಕಟ್ಟೆಯ ಮೇಲೆ ಇದ್ದ. ಸೊಲ್ಲಾಪುರದ ತುಂಡು ಎಂದರೆ ಅವನು ನಾನೇನೂ ತಂದಿಲ್ಲ ಎನ್ನುತ್ತಿದ್ದ. ಕದ್ದೆ ಎಂದರೆ ಕಳ್ಳಿಯನ್ನು ತವರಿಗೆ ಅಟ್ಟುತ್ತಿದ್ದರು. ಇದೆಲ್ಲ ಆ ಕ್ಷಣದಲ್ಲಿ ನನಗೆ ಹೊಳೆಯಿತೇ, ಅಥವಾ ಆಮೇಲೆ ನಾನು ಕೂಡಿಸಿಕೊಂಡ ಕಾರಣಗಳೇ? ನಾನು ಹೇಳಿದ್ದು ಮಾತ್ರ ಅಕ್ಷರಕ್ಕೆ ಅಕ್ಷರ ನೆನಪಿದೆ.

“ಅರಿಬಿ ಎಲ್ಲಾ ನೀಲಕ್ಕಂದು. ನಾ ಬರೇ ಹೊಲದೇನಿ.”

ಅವನು ಅವಳ ತುರುಬಿಗೆ ಕೈಹಾಕಿ ಕೌದಿಯ ಮೇಲಿಂದ ಎಳೆದುಕೊಂಡು ಹೋದ. ಅವಳ ಕಾಲಿಗೆ ಸಿಕ್ಕಿ ಕೌದಿಯೂ ಎಳೆದುಕೊಂಡು ಹೋಯಿತು. ಕೂಸು ಗಂಗವ್ವನ ಕೈಯಲ್ಲಿತ್ತು, ಪುಣ್ಯ. ಹೊಟ್ಟೆಗೆ ಒದ್ದ. ಬೆನ್ನಿಗೆ ಒದ್ದ. ಅವಳು ಎದ್ದು ಕೂಡಲು ನೋಡಿದಾಗ ಬಾಯಿಗೆ ಹೊಡೆದ, ಹಲ್ಲು ತುಟಿಯನ್ನು ಕತ್ತರಿಸಿ ಹೊರಗೆ ಬಂತು. ಬಾಗೇವಾಡಿಯ ಗಂಡಸರು ಕಟ್ಟೆಯಿಂದ ಎದ್ದರು, ಮತ್ತೆ ಕುಳಿತರು. ಅವನ ಹೆಂಡತಿ, ಅವನ ಅಂಗಳ. ನನ್ನ ಗಂಡ ಏಳಲೂ ಇಲ್ಲ. ಅಂಗಳದ ಮೂಲೆಯಲ್ಲಿ ಖಾರ ಕುಟ್ಟುವ ಒಳಕಲ್ಲು ಇತ್ತು. ಯಾವ ಕೈಯಿಂದ ತೆಗೆದುಕೊಂಡೆ ಎಂದು ಕೇಳಿದ. ಎಲ್ಲರೂ ಬಲಗೈಯಿಂದಲೇ ತೆಗೆದುಕೊಳ್ಳುತ್ತಾರೆ. ಬಲಗೈಯನ್ನು ಕಲ್ಲಿನ ಅಂಚಿನ ಮೇಲೆ ಮೊಣಕಾಲಿನಿಂದ ಒತ್ತಿ ಹಿಡಿದು ಗುಂಡುಕಲ್ಲು ಎತ್ತಿದ.

ಮೂರು ಸಲ. ನಾನು ಮೂರು ಎಂದು ಬರೆಯುತ್ತೇನೆ, ಐದಿರಬಹುದು. ಮೊದಲ ಪೆಟ್ಟಿನ ಶಬ್ದ ಹಸಿ ಜೋಳದ ದಂಟು ಮುರಿದಂತೆ ಇತ್ತು. ಎರಡನೆಯದಕ್ಕೆ ಶಬ್ದವೇ ಇರಲಿಲ್ಲ, ಮುರಿಯುವಂಥದ್ದು ಮುರಿದಾಗಿತ್ತು. ಪೆಟ್ಟುಗಳ ನಡುವೆ ಅವಳು ಒಂದೇ ಮಾತು ಅಂದಳು: “ಶಾಂತಾ, ಹೇಳ.” ಕೂಗಲಿಲ್ಲ. ಪಕ್ಕದಲ್ಲಿ ಕುಳಿತವಳಿಗೆ ದಾರ ಕೊಡು ಎಂದು ಕೇಳುವ ದನಿಯಲ್ಲಿ ಕೇಳಿದಳು.

ಆ ಚೌಕ ಹೊಲಿದ ಕೈ ಅಲ್ಲಿಂದ ನಾಲ್ಕು ಮಾರು ದೂರದಲ್ಲಿ ನಿನ್ನ ಕಣ್ಣು ಮುಚ್ಚಿ ಹಿಡಿದಿತ್ತು.

ಈ ವಿಷಯಕ್ಕೆ ನೀನು ಇಷ್ಟು ವರ್ಷ ನನ್ನ ಉಪಕಾರ ಎಣಿಸಿದ್ದೀಯ. ನಿನ್ನ ಮದುವೆಯಲ್ಲಿ ನಿನ್ನ ಗಂಡನಿಗೆ ನನ್ನನ್ನು ತೋರಿಸಿ, ಅವತ್ತು ನನ್ನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಏನೂ ಕಾಣದಂತೆ ಮಾಡಿದವಳು ಇವಳೇ ಎಂದೆ. ನಿನಗೆ ಕಾಣಬಾರದು ಎಂದು ನಾನು ಮುಚ್ಚಿದ್ದು ನಿನ್ನ ಅವ್ವನನ್ನಲ್ಲ, ಕಸ್ತೂರಿ. ನೀನು ತಲೆ ಎತ್ತಿದ್ದರೆ ಕಾಣುತ್ತಿದ್ದುದು ನನ್ನ ಮುಖ.

ಅವನು ಕೊನೆಗೆ ಕುಡುಗೋಲು ತಂದು ಕೌದಿಯ ನಡುವನ್ನು ಸೀಳಿದ. ಧೋತರದ ಪದರಗಳು ಹೊರಬಿದ್ದವು. ನಾನು ಮನೆಗೆ ಬಂದೆ. ಉಳಿದ ಅಂಗಿ — ಒಂದು ತೋಳು, ಹರಿದ ಬೆನ್ನು, ಕಾಲರು — ನಮ್ಮ ಕಾಳಿನ ಗಡಿಗೆಯೊಳಗೆ ಇತ್ತು. ಅವಳು “ಹೇಳ” ಎನ್ನುವಾಗಲೂ ಅಲ್ಲೇ ಇತ್ತು. ಎದ್ದು ಹೋಗಿ ತಂದು ಅಂಗಳದಲ್ಲಿ ಎಸೆದಿದ್ದರೆ ಸಾಕಿತ್ತು, ಬಾಯಿ ಬಿಡುವುದೂ ಬೇಕಿರಲಿಲ್ಲ. ಅದನ್ನು ಬಚ್ಚಲ ಒಲೆಗೆ ಹಾಕಿದೆ. ಟೆರಿಲಿನ್ನು ಹತ್ತಿ ಬಟ್ಟೆಯ ಹಾಗೆ ಉರಿಯುವುದಿಲ್ಲ. ಕರಗುತ್ತದೆ, ಕಪ್ಪು ಹನಿಯಾಗಿ ಬೀಳುತ್ತದೆ. ಕೋಲಿನಿಂದ ಒಳಗೆ ತಳ್ಳುವಾಗ ಒಂದು ಹನಿ ನನ್ನ ಅಂಗೈಗೆ ಅಂಟಿ ಚರ್ಮ ಕಿತ್ತುಕೊಂಡು ಬಂತು. ಸುಟ್ಟದ್ದು ಹೇಗೆ ಎಂದು ಗಂಡ ಕೇಳಿದ. ರೊಟ್ಟಿ ಹಂಚು ತಾಗಿತು ಎಂದೆ. ಅಷ್ಟರಲ್ಲಿ ನನಗೆ ಸುಳ್ಳು ರೂಢಿಯಾಗಿತ್ತು.

ಇನ್ನೊಂದಿದೆ. ಇದನ್ನು ಬರೆಯದೆ ಬಿಟ್ಟರೂ ನಿನಗೆ ಗೊತ್ತಾಗುವುದಿಲ್ಲ, ಆದ್ದರಿಂದಲೇ ಬರೆಯುತ್ತೇನೆ. ಸಂಜೆ ಯಾರೋ ಬಂದು, ಇಂಡಿ ಪಟ್ಟಣದ ದವಾಖಾನೆಗೆ ಒಯ್ದಿದ್ದಾರಂತೆ, ಬೆರಳುಗಳು ಇನ್ನು ಕೂಡುವುದಿಲ್ಲವಂತೆ ಎಂದು ಹೇಳಿದರು. ಆಗ ನನಗೆ ಮೊದಲು ಬಂದ ವಿಚಾರ — ಇನ್ನು ಈ ಊರಲ್ಲಿ ಚೊಲೋ ಹೊಲಿಗೆ ನನ್ನದೇ. ಅಳು ಆಮೇಲೆ ಬಂತು. ಇದು ಮೊದಲು ಬಂತು.

ಅವಳ ತಮ್ಮ ಬಂದು ಅವಳನ್ನು ಆಲಮೇಲಕ್ಕೆ ಕರೆದುಕೊಂಡು ಹೋದ. ನಿನ್ನನ್ನು ಕಳಿಸಲಿಲ್ಲ. ನಿನ್ನ ತಲೆ ಬಾಚಿದವಳು ನಾನು, ಜಡೆ ಹಾಕಿದವಳು ನಾನು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದವಳು ನಾನು. ಚಿಗವ್ವ ಎಂದೆ ನೀನು. ಅವ್ವ ಎಲ್ಲಿ ಎಂದು ಕೇಳಿದಾಗ ನಾನು ಏನು ಹೇಳಿದೆ ನೆನಪಿದೆಯೇ? ನನಗಿದೆ. “ನಿನ್ನ ಬಿಟ್ಟ ಹ್ವಾದಳವ್ವಾ.” ಊರ ಹುಡುಗಿಯರು ಓವರ್ಸೀಯರನ ಮಗಳು ಎಂದು ನಿನ್ನನ್ನು ಕಾಡಿದಾಗ ಬೈದು ಓಡಿಸಿದೆ. ಸುಳ್ಳು ಎಂದು ಮಾತ್ರ ಅವರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ನೀನು ಹೊರ್ತಿಯ ಸಾಲೆಗೆ ಹೋಗುತ್ತಿದ್ದಾಗ ಅವಳು ಬಂದಿದ್ದಳು. ನಿನಗೆ ಹನ್ನೆರಡು ಇರಬೇಕು. ಬಸ್ಸು ನಿಲ್ಲುವಲ್ಲಿ ನಾನೂ ಇದ್ದೆ, ಇಂಡಿ ಸಂತೆಗೆ ಹೊರಟಿದ್ದೆ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು. ನೀನು ಗೆಳತಿಯರ ಜೊತೆ ಬಂದೆ. ಅವಳು ನಿನ್ನ ಹೆಸರು ಹಿಡಿದು ಕರೆದಳು, ಒಂದೇ ಸಲ. ಗೆಳತಿಯರು ನಿನ್ನ ಮುಖ ನೋಡಿದರು. ನೀನು ರಸ್ತೆಯಂಚಿನ ಜಲ್ಲಿಯಿಂದ ಒಂದು ಕಲ್ಲು ತೆಗೆದು ಎಸೆದೆ. ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣಿಗೆ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. ನಿನ್ನ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು.

“ಕೂಸಿಗೆ ಏನ್ ಹೇಳೀದಿ, ಶಾಂತಾ?”

ಬಸ್ಸು ಬಂತು. ನಾನು ಹತ್ತಿದೆ.

ಆ ಕಲ್ಲನ್ನು ನೀನು ಮರೆತಿದ್ದೀಯೋ, ಇಟ್ಟುಕೊಂಡಿದ್ದೀಯೋ, ಒಮ್ಮೆಯೂ ನನ್ನ ಹತ್ತಿರ ಆ ಮಾತು ತೆಗೆದಿಲ್ಲ. ನಿನ್ನ ಕೈಯಲ್ಲಿ ಅದನ್ನು ಇಟ್ಟವಳು ನಾನು. ಇದರಿಂದ ನಿನ್ನ ಭಾರ ಇಳಿಯುತ್ತದೆ ಎಂದು ಹೇಳುತ್ತಿಲ್ಲ. ಇಳಿಯಲಿಕ್ಕಿಲ್ಲ.

ಹೋದ ತಿಂಗಳು ನೀನು ಸಿಂದಗಿಯಿಂದ ಬಟ್ಟೆಯ ಗಂಟು ಕಳಿಸಿದೆ. ಮಗಳ ಕೂಸಿಗೆ ಕೌದಿ ಬೇಕು, ಹೊಲಿಯುವವಳೂ ನೀನೇ, ಹೆಸರು ಹೇಳುವವಳೂ ನೀನೇ ಚಿಗವ್ವ ಎಂದು ಫೋನಿನಲ್ಲಿ ಹೇಳಿದೆ. ನಾನು ಗಂಟು ಬಿಚ್ಚಿದೆ. ನಿನ್ನ ಸೀರೆ, ನಿನ್ನ ಗಂಡನ ಅಂಗಿ, ನಿನ್ನ ಅಪ್ಪನ ಧೋತರ, ತೀರಿಹೋದ ಆಯಿಯದೂ ಒಂದು ಸೆರಗು, ನನ್ನದೂ ಇರಲೆಂದು ನಾನೇ ಎಂದೋ ನಿನಗೆ ಕೊಟ್ಟ ಒಂದು ಸೀರೆ. ಒಂದೊಂದೇ ನೆಲದ ಮೇಲೆ ಹಾಸಿ ಇದು ಯಾರದು ಎಂದು ಬಾಯಲ್ಲಿ ಹೇಳಿ ನೋಡಿದೆ. ಕೂಸಿನ ಮುತ್ತಜ್ಜಿ ನೀಲಕ್ಕನ ತುಂಡು ಇರಲಿಲ್ಲ. ಬದುಕಿದ್ದಾಳೆ, ಸಿಂದಗಿಯಿಂದ ಒಂದು ಬಸ್ಸಿನ ದೂರದಲ್ಲಿ, ಮತ್ತು ಅವಳ ಬಳಗದಲ್ಲಿ ಅವಳಿಲ್ಲ. ಅವಳ ಜಾಗದಲ್ಲಿ ನನ್ನ ಸೀರೆ ಇತ್ತು.

ಮೊನ್ನೆ ನಿನ್ನ ಅಪ್ಪನ ಹತ್ತಿರ ಹೋದೆ. ಸುಳ್ಳನ್ನು ಆ ಅಂಗಳದಲ್ಲಿ ಹೇಳಿದ್ದೆ, ನಿಜವನ್ನೂ ಅಲ್ಲೇ ಹೇಳಬೇಕು ಎಂದುಕೊಂಡು. ಬಿಸಿಲಿಗೆ ಮೈಯೊಡ್ಡಿ ಕಟ್ಟೆಯ ಮೇಲೆ ಮಂಚ ಹಾಕಿಸಿಕೊಂಡು ಕುಳಿತಿದ್ದ. ಎದುರು ನಿಂತು, ಓಣಿಗೆ ಕೇಳುವಂತೆ ಹೇಳಿದೆ — “ಭೀಮರಾಯಣ್ಣಾ, ಆ ಅಂಗಿ ನೀಲಕ್ಕ ತಂದಿರಲಿಲ್ಲ. ನಾ ಕದ್ದಿದ್ದೆ.”

ಅವನು ಕಣ್ಣು ಕಿರಿದು ಮಾಡಿ ನನ್ನ ಬಾಯಿ ನೋಡಿದ.

“ಯಾವ ಅಂಗಿ?”

ಹಳದಿ ಅಂಗಿ, ಕೌದಿ, ಬಾಗೇವಾಡಿಯ ಬೀಗರು, ಒಳಕಲ್ಲು — ಎಲ್ಲವನ್ನೂ ಹೇಳಿದೆ. ಕೇಳಿದ. ತಲೆಯಾಡಿಸಿದ. ಕಣ್ಣಿಗೆ ಬಿಸಿಲು ಬೀಳುತ್ತಿದೆ, ಮಂಚ ಆಚೆ ಸರಿಸು ಎಂದ. ಸರಿಸಿದೆ. ಮರೆತಿದ್ದಾನೋ, ಮರೆತವನಂತೆ ಕುಳಿತಿದ್ದಾನೋ ನನಗೆ ತಿಳಿಯಲಿಲ್ಲ. ಒಬ್ಬ ಹೆಂಗಸಿನ ಕೈಯನ್ನು ಹುಡಿ ಮಾಡಿದವನಿಗೆ ಯಾವುದಕ್ಕಾಗಿ ಮಾಡಿದೆ ಎನ್ನುವುದೂ ಉಳಿದಿಲ್ಲ. ನನಗೆ ಉಳಿದಿದೆ, ಅವಳಿಗೆ ಉಳಿದಿದೆ. ಅವಳ ನೆನಪಿನ ಎದುರು ನನ್ನದನ್ನು ಇಟ್ಟರೆ ಎಷ್ಟು ಕಡೆ ನಾನು ನನ್ನನ್ನು ಉಳಿಸಿಕೊಂಡಿದ್ದೇನೋ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಆಲಮೇಲಕ್ಕೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ, ಅದು ಅವಳ ಮೇಲೆ ಇನ್ನೊಂದು ಕೆಲಸ ಹೇರಿದಂತೆ. ನಡೆದದ್ದನ್ನು ಅವಳ ಓಣಿಯವರ ಎದುರು ಹೇಳುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ಬಾಗಿಲ ಹೊರಗೆ ಹೇಳುತ್ತೇನೆ.

ನೀನೂ ಬಾ. ನನಗಾಗಿ ಕರೆಯುತ್ತಿಲ್ಲ, ಈ ಕಾಗದ ಮುಗಿದ ಮೇಲೆ ನನ್ನನ್ನು ಚಿಗವ್ವ ಎನ್ನಬೇಕೆಂದೂ ಇಲ್ಲ. ಅವಳ ಎದುರು ಕುಳಿತಾಗ ‘ನನಗೆ ಗಂಡನ ಹೆದರಿಕೆ ಇತ್ತು, ಚಿಕ್ಕವಳಿದ್ದೆ, ಬಾಯಿಗೆ ಬಂದದ್ದು ಅಂದೆ’ ಎಂದು ನಾನು ಶುರು ಮಾಡುತ್ತೇನೆ. ಮಾಡಿಯೇ ಮಾಡುತ್ತೇನೆ, ನನ್ನನ್ನು ನಾನು ಬಲ್ಲೆ. ಆಗ ನೀನು ಪಕ್ಕದಲ್ಲಿರು. ನನ್ನ ಮಾತನ್ನು ಅಲ್ಲಿಗೇ ತಡೆದು, ಉಳಿದದ್ದನ್ನು ನೀನು ಹೇಳು.